ಹಸಿ ಶಾಯಿಯ ಕೋರ್ಟು

“ಕವರು ಬಾಯಿ ಬಿಟ್ಕೊಂಡಿತ್ತಂತೆ ಕಣಕ್ಕ, ಅದಕ್ಕೇ ನಮ್ಮದನ್ನ ಓದ್ಲೇ ಇಲ್ವಂತೆ,” ಅಂದಳು ಹಾಲಮ್ಮ. ಆಸ್ಪತ್ರೆಯ ಅಡುಗೆಮನೆಯಿಂದ ರಸ್ತೆ ದಾಟಿ ಓಡಿ ಬಂದಿದ್ದಳು. ಸೆರಗಿನ ತುದಿಯಿಂದ ಅಕ್ಕಿ ತೊಳೆದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಕೋರ್ಟಿನ ಜಗಲಿಯ ಮೇಲೆ ಮಣೆ ಹಾಕಿಕೊಂಡು ಆಗಷ್ಟೇ ಪೆನ್ನಿನ ಮುಚ್ಚಳ ತೆಗೆದಿದ್ದೆ. “ಯಾರಿಗಾಯ್ತು ಟೆಂಡರು?” ಅಂದೆ. “ಪುಟ್ಟರಂಗಶೆಟ್ರಿಗೆ. ಈಗ ತಾನೇ ಬೋರ್ಡಿಗೆ ಅಂಟಿಸಿದ್ರು. ಮೊಹರು ಇನ್ನೂ ಮಿರಿಮಿರಿ ಅಂತಿದೆ.” “ಹಾಗಾದ್ರೆ ಟೈಮಿದೆ, ಕೂತ್ಕೊ,” ಅಂದೆ. ಹಾಗನ್ನುತ್ತಲೇ ಒಂದು ಬಿಳಿ ಹಾಳೆ ಎಳೆದುಕೊಂಡೆ. ಆ ಕವರನ್ನು ಅಂಟಿಸಿದವಳು ನಾನೇ.

ನನ್ನ ಹೆಸರು ಕಮಲಾಕ್ಷಿ. ಹತ್ತೊಂಬತ್ತು ವರ್ಷದಿಂದ ಈ ಜಗಲಿಯಲ್ಲಿ ಕೂತು ಜನರ ಅರ್ಜಿ ಬರೆದುಕೊಡುತ್ತಿದ್ದೇನೆ. ಓದಿದ್ದು ಏಳನೇ ಕ್ಲಾಸು. ಮಿಕ್ಕಿದ್ದನ್ನೆಲ್ಲ ವಕೀಲರು ಹರಿದು ಎಸೆದ ಕಾಗದಗಳನ್ನು ಆಯ್ದು ಓದಿಯೇ ಕಲಿತೆ. ಅವರು ಎರಡು ಪುಟದಲ್ಲಿ ಹೇಳುವುದನ್ನು ಎರಡು ಸಾಲಿನಲ್ಲಿ ಹೇಳಬಹುದು ಅನ್ನುವುದು ನನಗೆ ಗೊತ್ತಾದ ಮೊದಲ ಕಾನೂನು. ನಮ್ಮೂರಲ್ಲಿ ಅದು ತುಂಬಾ ಉಪಯೋಗಕ್ಕೆ ಬರುವ ಕಾನೂನು, ಯಾಕೆಂದರೆ ಇಲ್ಲಿ ಪುರಸಭೆಯ ಮೊಹರು ಒಣಗಿತು ಅಂದರೆ ಮುಗಿಯಿತು. ನಾನು ಹೊಸದಾಗಿ ಕೂತ ವರ್ಷ ಕಸದ ಗಾಡಿಯ ಟೆಂಡರು ಬೇರೊಬ್ಬನ ಹೆಸರಿಗೆ ಒಣಗಿತು. ಮರುದಿನ ಬೆಳಿಗ್ಗೆ ಹಳೆಯ ಗಾಡಿಯವನು ಈರಪ್ಪ ಎಷ್ಟು ತಳ್ಳಿದರೂ ಚಕ್ರ ಒಂದು ಗೇಣು ಉರುಳಲಿಲ್ಲ. ಹೊಸಬ ಬಂದು ಒಂದು ಬೆರಳಲ್ಲಿ ಮುಟ್ಟಿದ, ಗಾಡಿ ಇಳಿಜಾರಿನಲ್ಲಿ ಹೋದ ಹಾಗೆ ಹೋಯಿತು. ಈರಪ್ಪ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಮುಖ ಒರೆಸಿಕೊಂಡು ಮನೆಗೆ ನಡೆದ. ಈಗ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಾನೆ, ಚೆನ್ನಾಗಿಯೇ ಇದ್ದಾನೆ, ಆದರೆ ಕಸದ ಗಾಡಿ ಬರುವ ಹೊತ್ತಿಗೆ ಬೆನ್ನು ತಿರುಗಿಸಿ ಕೂರುತ್ತಾನೆ.

ಮೊಹರು ಹಸಿಯಾಗಿರುವಷ್ಟು ಹೊತ್ತು ಮಾತ್ರ ಕೋರ್ಟಿನ ಮಾತು ನಡೆಯುತ್ತದೆ. ಪುರಸಭೆಯ ನೋಟೀಸು ಬೋರ್ಡಿನಿಂದ ಕಾಗದ ಕೀಳುವಂತಿಲ್ಲವಾದ್ದರಿಂದ ಕೋರ್ಟೇ ಎದ್ದು ಬೋರ್ಡಿನ ಬಳಿಗೆ ಬರುತ್ತದೆ. ಜಡ್ಜಿಗೊಂದು ಕುರ್ಚಿ, ಬೋರ್ಡಿನಿಂದ ನಾಲ್ಕು ಮೊಳ ದೂರಕ್ಕೆ ಒಂದು ಹಗ್ಗ. ಹಗ್ಗದಾಚೆ ನಿಂತು ಯಾರೂ ಬೀಸಣಿಗೆ ಆಡಿಸುವಂತಿಲ್ಲ, ಯಾರೂ ಕೊಡೆ ಬಿಚ್ಚಿ ನೆರಳು ಮಾಡುವಂತಿಲ್ಲ. ಕೋರ್ಟಿನ ಗುಮಾಸ್ತ ಇಮಾಮ್ ಸಾಬರು ಹತ್ತಿಯುಂಡೆ ಹಿಡಿದು ಆಗಾಗ ಮೊಹರಿನ ಅಂಚಿಗೆ ಮುಟ್ಟಿಸಿ ಎಲ್ಲರಿಗೂ ಎತ್ತಿ ತೋರಿಸುತ್ತಾರೆ. ಹತ್ತಿ ನೇರಳೆಯಾದರೆ ವಾದ ಮುಂದುವರಿಯಬಹುದು, ಬೆಳ್ಳಗೇ ಬಂದರೆ ಮಾತು ಅರ್ಧಕ್ಕೆ ನಿಲ್ಲಿಸಿ ಮನೆಗೆ ಹೋಗಬೇಕು. ಜಡ್ಜಿಗೆ ಟೆಂಡರು ತಪ್ಪಾಗಿದೆ ಅನ್ನಿಸಿದರೆ ಎದ್ದು ಬಂದು ಹೆಬ್ಬೆರಳಲ್ಲಿ ಮೊಹರನ್ನು ಒತ್ತಿ ಎಳೆಯುತ್ತಾರೆ. ಶಾಯಿ ಕದಡಿದರೆ ತಡೆಯಾಜ್ಞೆ ಆದಂತೆ. ಆ ನೇರಳೆ ಬಣ್ಣ ಬೆರಳಿನಿಂದ ಒಂದು ತಿಂಗಳು ಹೋಗುವುದಿಲ್ಲ. ಸಂತೆಯಲ್ಲಿ ಜನ ಜಡ್ಜಿಯ ಮುಖ ನೋಡುವ ಮೊದಲು ಹೆಬ್ಬೆರಳು ನೋಡುತ್ತಾರೆ. ಹಿಂದೆ ಇದ್ದ ಸಾಹೇಬರೊಬ್ಬರು ಮೂರು ವರ್ಷ ಬೆರಳು ಬಿಳಿ ಇಟ್ಟುಕೊಂಡೇ ವರ್ಗವಾಗಿ ಹೋದರು, ಅವರಿಗೆ ಬೀಳ್ಕೊಡುಗೆಗೆ ಹನ್ನೊಂದು ಜನ ಬಂದಿದ್ದರು. ಈಗಿನ ಮಂದಾಕಿನಿ ಮೇಡಂ ಬಂದು ನಾಲ್ಕು ತಿಂಗಳಾಗಿತ್ತು. ಅವರ ಬೆರಳೂ ಇನ್ನೂ ಬಿಳಿಯೇ.

ಮಳೆಗಾಲದಲ್ಲಾದರೆ ಮೊಹರು ಎರಡು ದಿನ ಒಣಗುವುದಿಲ್ಲ. ವಕೀಲರು ನಿಧಾನಕ್ಕೆ ವಾದಿಸಿ, ಮಧ್ಯೆ ಊಟ ಮಾಡಿ ಬಂದು ಮತ್ತೆ ವಾದಿಸುತ್ತಾರೆ. ಪುರಸಭೆಯವರೇನು ದಡ್ಡರಲ್ಲ. ಉತ್ತರದ ಗೋಡೆಯಲ್ಲಿದ್ದ ಬೋರ್ಡನ್ನು ಕಿತ್ತು ಬೆಳಗಿನ ಬಿಸಿಲು ಬೀಳುವ ಪೂರ್ವದ ಗೋಡೆಗೆ ಹೊಡೆಸಿದರು. ದೊಡ್ಡ ಟೆಂಡರುಗಳೆಲ್ಲ ಈಗ ಏಪ್ರಿಲ್ ತಿಂಗಳಲ್ಲೇ ಮಂಜೂರಾಗುತ್ತವೆ. ಅವತ್ತೂ ಏಪ್ರಿಲ್. ಒಂದು ಗಂಟೆ, ಹೆಚ್ಚೆಂದರೆ ಇನ್ನೊಂದು ಕಾಲು ಗಂಟೆ, ಅಷ್ಟೇ ಇದ್ದದ್ದು.

ಹಾಲಮ್ಮ ಮತ್ತು ಇನ್ನೂ ನಾಲ್ವರು ಹೆಂಗಸರು ಹನ್ನೊಂದು ವರ್ಷದಿಂದ ಪುರಸಭೆಯ ಆಸ್ಪತ್ರೆಯ ರೋಗಿಗಳಿಗೆ ಅಡುಗೆ ಮಾಡುತ್ತಿದ್ದರು. ಅಡುಗೆಮನೆ ಅಂತ ಯಾರೂ ಅನ್ನುವುದಿಲ್ಲ, ಗಂಜಿಮನೆ ಅಂತಲೇ ಊರಿಗೆಲ್ಲ ಪರಿಚಯ. ಜ್ವರದವರಿಗೆ ಗಂಜಿ, ಬಾಣಂತಿಗೆ ಮೆಂತ್ಯದ ಸಾರು, ಸಕ್ಕರೆ ಕಾಯಿಲೆಯವರಿಗೆ ಮುದ್ದೆ. ಯಾವ ಮಂಚಕ್ಕೆ ಉಪ್ಪು ಕಡಿಮೆ ಅನ್ನುವುದು ಡಾಕ್ಟರಿಗಿಂತ ಮೊದಲು ಹಾಲಮ್ಮನಿಗೆ ಗೊತ್ತಿರುತ್ತಿತ್ತು. ಪುಟ್ಟರಂಗಶೆಟ್ಟರು ಬೇರೆ ಊರಿನಲ್ಲಿ ದೊಡ್ಡ ಅಡುಗೆ ಕಾರ್ಖಾನೆ ಇಟ್ಟುಕೊಂಡು ಪ್ಯಾಕೆಟ್ಟು ಊಟ ಕಳಿಸುವವರು. ಮೊಹರು ಅವರ ಹೆಸರಿಗೆ ಒಣಗಿದರೆ ಗಂಜಿಮನೆಯ ಒಲೆ ಇವರ ಕೈಗೆ ಹತ್ತುವುದಿಲ್ಲ. ಹಸಿಯಾಗಿರುವಾಗಲೂ ಒಲೆ ಸರಿಯಾಗಿ ಉರಿಯುವುದಿಲ್ಲ, ಒಣಗುತ್ತಾ ಬಂದ ಹಾಗೆ ಉರಿ ಸಣ್ಣಗಾಗುತ್ತಾ ಬರುತ್ತದೆ.

ಕವರು ಅಂಟಿಸಿದ ಕಥೆ ಹೇಳಿಬಿಡುತ್ತೇನೆ. ಹೋದ ವಾರ ಹಾಲಮ್ಮ ಟೆಂಡರು ಫಾರಂ ತುಂಬಿಸಲು ಬಂದಾಗ ನನ್ನ ಗೋಂದಿನ ಬಾಟಲಿ ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಅಂಗಡಿಗೆ ಹೋಗುವಷ್ಟು ವ್ಯವಧಾನ ಇಬ್ಬರಿಗೂ ಇರಲಿಲ್ಲ, ಪುರಸಭೆಯ ಕಿಟಕಿ ಮುಚ್ಚುವ ಹೊತ್ತು. ನನ್ನ ಊಟಕ್ಕೆ ಅಂತ ಅವಳು ತಂದಿದ್ದ ಡಬ್ಬಿಯಲ್ಲಿ ಗಂಜಿ ಇತ್ತು. ಬೆರಳಲ್ಲಿ ಅದ್ದಿ ಸವರಿದೆ, ಅಂಗೈಯಲ್ಲಿ ತಟ್ಟಿದೆ, “ಗಟ್ಟಿ ಕೂತಿದೆ, ಹೋಗು,” ಅಂದೆ. ಕೂತಿತ್ತು ಕೂಡ. ಆದರೆ ಪುರಸಭೆಯ ಬೀರುವಿನಲ್ಲಿ ಮೂರು ದಿನ ಇದ್ದ ಗಂಜಿ ಇರುವೆಗಳಿಗೆ ಗೊತ್ತಾಗದೇ ಇರುತ್ತದೆಯೇ.

ಹಸಿ ಮೊಹರಿನ ಮೇಲೆ ಹಾಕುವ ಅರ್ಜಿ ಏಳು ಸಾಲು ಮೀರಬಾರದು ಅಂತ ನಾನೇ ಮಾಡಿಕೊಂಡ ಕಟ್ಟಳೆ ಇದೆ. ಅವತ್ತು ಜಗಲಿಯ ಮೇಲೆ ಆರು ಸಾಲು ಸಲೀಸಾಗಿ ಬಂದವು. ಏಳನೆಯದನ್ನು ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತು, ಆಮೇಲೆ ಬರೆದೆ: ಸದರಿ ಕವರನ್ನು ಗಂಜಿಯಿಂದ ಅಂಟಿಸಿದವಳು ಈ ಅರ್ಜಿ ಬರೆದ ಕಮಲಾಕ್ಷಿ. ಹಾಲಮ್ಮ ಓದಿಸಿ ಕೇಳಿದವಳೇ ಕೈ ಹಿಡಿದಳು. “ನಿನ್ನ ಹೆಸರು ಯಾಕಕ್ಕ ಹಾಕ್ದೆ? ಗಂಜೀಲಿ ಕವರು ಅಂಟಿಸೋಳು ಅಂದ್ರೆ ನಾಳೆಯಿಂದ ಯಾರು ಬರಸ್ತಾರೆ ನಿನ್ನ ಹತ್ರ?” “ಬರಸ್ದೇ ಇದ್ರೆ ನಿನ್ನ ಹತ್ರ ಬಂದು ತರಕಾರಿ ಹೆಚ್ತೀನಿ.” “ಗಂಜಿಮನೆ ಉಳಿದ್ರೆ ತಾನೇ ಹೆಚ್ಚೋದು.” “ಅದಕ್ಕೇ ಹಾಕಿದ್ದು. ಏಳು, ನಡಿ,” ಅಂದೆ.

ನಾವು ಹೋಗುವ ಹೊತ್ತಿಗೆ ಬೋರ್ಡಿನ ಮುಂದೆ ಅರ್ಧ ಊರು ಸೇರಿತ್ತು. ಮಂದಾಕಿನಿ ಮೇಡಂ ಬಿಸಿಲಿಗೇ ಕುರ್ಚಿ ಹಾಕಿಸಿಕೊಂಡು ಕೂತು ನನ್ನ ಅರ್ಜಿಯನ್ನು ಒಂದು ಸಲ ಓದಿದರು, ಮಡಚಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡರು. ತಮ್ಮ ಮಾತು ಕೇಳದೆ ತಡೆ ಕೊಡಬಾರದೆಂದು ಶೆಟ್ಟರು ಮೊದಲೇ ಕೇವಿಯಟ್ ಹಾಕಿದ್ದರು. ಹಾಗೆ ಹಾಕಿದವರಿಗೆ ಮೊದಲ ಮಾತು ಕೊಡುವುದು ನಮ್ಮ ಕೋರ್ಟಿನ ಪದ್ಧತಿ. ಅವರ ವಕೀಲ ಶ್ರೀಕಂಠಯ್ಯನವರು ಎದ್ದರು. ಶ್ರೀಕಂಠಯ್ಯನವರ ಮಾತೆಂದರೆ ಊರಿಗೇ ಗೊತ್ತು, ಟೆಂಡರು ಸಿಕ್ಕವರೆಲ್ಲ ಅವರನ್ನೇ ಹಿಡಿಯುತ್ತಾರೆ. ಗಂಟಲು ಸರಿಮಾಡಿಕೊಂಡರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಅದು ಸರಿಯಾಗಿ ಕಾಣುತ್ತಿಲ್ಲವೆಂದು ಇನ್ನೊಮ್ಮೆ ಒರೆಸಿದರು. “ಘನ ನ್ಯಾಯಾಲಯವು ಮೊದಲಿಗೆ ಈ ಪುರಸಭೆ ಹುಟ್ಟಿದ ಸಂದರ್ಭವನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ,” ಅಂದರು. ಹಿಂದೆ ನಿಂತಿದ್ದ ಯಾರೋ, “ಆಯ್ತು, ಇವತ್ತು ಹೆರಿಗೆಯಿಂದ ಶುರು,” ಅಂದರು.

ಹುಟ್ಟಿದ ಸಂದರ್ಭ ಮುಗಿಯಿತು, ಮೊದಲ ಅಧ್ಯಕ್ಷರ ಗುಣಗಾನವಾಯಿತು, ಮೊಹರನ್ನು ಯಾವ ಊರಿನ ಕಂಚುಗಾರರು ಮಾಡಿದರು ಅನ್ನುವುದೂ ಬಂತು. ಮಧ್ಯೆ ಮಧ್ಯೆ ನೀರು ಕುಡಿದರು, ಅದೂ ಔಷಧಿ ಕುಡಿದ ಹಾಗೆ ಒಂದೊಂದೇ ಗುಟುಕು. ಇಮಾಮ್ ಸಾಬರು ಹತ್ತಿ ಮುಟ್ಟಿಸಿ ಎತ್ತಿದರು. “ಹಸಿ ಇದೆ,” ಅಂದರು. ಹತ್ತಿಯ ಮೇಲಿನ ಚುಕ್ಕೆ ಮೊದಲ ಸಲದ ಅರ್ಧದಷ್ಟಿತ್ತು. ರಸ್ತೆಯಾಚೆ ಗಂಜಿಮನೆಯ ಕಿಟಕಿಯಲ್ಲಿ, ಐವರಲ್ಲಿ ಅವತ್ತು ಹಾಲಮ್ಮನ ಪಾಳಿಯವಳಾದ ಜಯಕ್ಕ ನಿಂತಿದ್ದಳು. ಅವಳು ಸೌಟನ್ನು ಹೊರಗೆ ಚಾಚಿ ಕೂಗಿ ಹೇಳಿದಳು, “ಹಾಲಮ್ಮಾ, ನೀರು ಬೆಚ್ಚಗಾಯ್ತು, ಕುದೀತಾ ಇಲ್ಲ ಕಣೆ.” ಕಿಟಕಿಯ ಮೇಲಿನ ಚಿಮಣಿಯಿಂದ ಹೊಗೆ ಬೀಡಿ ಸೇದುವವನ ಬಾಯಿಂದ ಬಂದಷ್ಟೇ ಬರುತ್ತಿತ್ತು.

ಪುಟ್ಟರಂಗಶೆಟ್ಟರು ಹಗ್ಗದ ಪಕ್ಕ ಬಂದು ಹಾಲಮ್ಮನ ಬಳಿ ನಿಂತರು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ, ಎದುರಿಗೆ ಸಿಕ್ಕರೆ ಮಾತಾಡಿಸದೆ ಹೋದವರಲ್ಲ. “ಹಾಲಮ್ಮ, ನಿನ್ನ ಮೇಲೆ ನನಗೇನೂ ಇಲ್ಲ ನೋಡವ್ವ,” ಅಂದರು ಮೆಲ್ಲಗೆ. “ನಿಮ್ಮ ಐದು ಜನಕ್ಕೂ ನನ್ನ ಹತ್ರಾನೇ ಕೆಲಸ ಇದೆ. ಪ್ಯಾಕೆಟ್ಟು ಹಂಚೋದು, ಅಷ್ಟೇ. ಹೊಗೆ ಇಲ್ಲ, ಬೆವರಿಲ್ಲ.” ಹಾಲಮ್ಮ ಬೋರ್ಡಿನಿಂದ ಕಣ್ಣು ತೆಗೆಯದೆ, “ಶೆಟ್ರೇ, ಹೆಂಗಸರ ವಾರ್ಡಲ್ಲಿ ಒಂದು ಕೂಸು ಹಡೆದವಳಿದಾಳೆ, ಮಂಚದ ನಂಬರು ಒಂಬತ್ತು. ಅವಳಿಗೆ ಬೆಳ್ಳುಳ್ಳಿ ಆಗುತ್ತೋ ಇಲ್ವೋ, ಹೇಳಿ ನೋಡೋಣ,” ಅಂದಳು. ಶೆಟ್ಟರು ನಕ್ಕರು. “ಅದನ್ನೆಲ್ಲ ಪ್ಯಾಕೆಟ್ಟಿನ ಮೇಲೆ ಬರೆಸ್ತೀನಿ,” ಅಂದರು. “ಬರೆಸಿ. ಅವಳಿಗೆ ಓದೋಕೆ ಬರಲ್ಲ,” ಅಂದಳು ಹಾಲಮ್ಮ.

ಅಷ್ಟರಲ್ಲಿ ಮೇಡಂ ಕೈ ಎತ್ತಿದರು. “ವಕೀಲರೇ, ಪುರಸಭೆ ಹುಟ್ಟಿದ್ದು ಕೇಳಿದೆ, ಸಂತೋಷ. ಈಗ ಅದು ಬೇಗ ಬೇಗ ಬೆಳೆದು ಹೋದ ವಾರಕ್ಕೆ ಬರಲಿ. ಈ ಹೆಂಗಸಿನ ಕವರನ್ನು ಯಾಕೆ ಓದಲಿಲ್ಲ?” ಶ್ರೀಕಂಠಯ್ಯನವರು ಬಾಗಿದರು. “ಭದ್ರವಾಗಿ ಅಂಟಿಸಿರಬೇಕು ಅನ್ನುವುದು ಷರತ್ತು, ಮಹಾಸ್ವಾಮಿ. ತೆರೆಯುವ ದಿನ ಕವರು ತಾನಾಗಿ ತೆರೆದುಕೊಂಡಿತ್ತು. ಒಳಗಿನ ದರವನ್ನು ಯಾರು ಬೇಕಾದರೂ ತಿದ್ದಿರಬಹುದಿತ್ತು. ಹಾಗೆ ನೋಡಿದರೆ ಭದ್ರ ಎಂಬ ಮಾತಿನ ಅರ್ಥವೇ ಬಹಳ ವಿಶಾಲವಾದದ್ದು...” “ಸಾಕು,” ಅಂದರು ಮೇಡಂ. ಅರ್ಜಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಕಮಲಾಕ್ಷಿ ಯಾರು?” ಅಂದರು.

ಹತ್ತೊಂಬತ್ತು ವರ್ಷ ಬೇರೆಯವರ ಮಾತು ಬರೆದವಳು ನಾನು, ಕೋರ್ಟಿನಲ್ಲಿ ಒಂದು ದಿನವೂ ಬಾಯಿ ತೆರೆದವಳಲ್ಲ. ಹಗ್ಗದ ಬಳಿ ಬಂದೆ. “ನಾನೇ ಮೇಡಂ. ಗೋಂದು ಒಣಗಿತ್ತು, ಗಂಜೀಲಿ ಅಂಟಿಸಿದೆ. ಅಂಟಿಸಿದಾಗ ಉಗುರು ಹಾಕಿದ್ರೂ ಬರ್ತಿರಲಿಲ್ಲ. ತಪ್ಪು ಅನ್ನೋದಾದ್ರೆ ನನ್ನದು, ಅವಳದಲ್ಲ.” ಶ್ರೀಕಂಠಯ್ಯನವರು ಅಂದು ಮೊದಲ ಸಲ ಚಿಕ್ಕದಾಗಿ ಮಾತಾಡಿದರು. “ಗಂಜಿ ಅಂಟಲ್ಲ, ಮಹಾಸ್ವಾಮಿ. ಅದು ಆಹಾರ.” ಜನ ನಕ್ಕರು. ನಾನೂ ನಗಬೇಕಾಗಿತ್ತು, ಅಷ್ಟು ಚೆನ್ನಾಗಿ ಹೇಳಿದರು.

ಹಾಲಮ್ಮನೂ ನಗಲಿಲ್ಲ. ಅವಳು ಪುರಸಭೆಯ ಜವಾನ ಕೆಂಚಪ್ಪನ ಕಡೆ ತಿರುಗಿದಳು. ಅವನು ಬ್ರಷ್ಷು ಮತ್ತು ಒಂದು ಸ್ಟೀಲು ಲೋಟ ಹಿಡಿದುಕೊಂಡು ಬೋರ್ಡಿನ ಪಕ್ಕದಲ್ಲೇ ನಿಂತಿದ್ದ. “ಕೆಂಚಣ್ಣ, ಇವತ್ತು ಈ ನೋಟೀಸನ್ನ ಯಾತರಲ್ಲಿ ಅಂಟಿಸ್ದೆ?” ಕೆಂಚಪ್ಪ ಲೋಟ ನೋಡಿದ, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ನಿಂತಿದ್ದ ಪುರಸಭೆಯ ಮುಖ್ಯಾಧಿಕಾರಿಗಳ ಮುಖ ನೋಡಿದ, ಮತ್ತೆ ಲೋಟ ನೋಡಿದ. “ನಿಮ್ಮ ಗಂಜೀಲೇ ಅಲ್ವೇನವ್ವ. ಬೆಳಿಗ್ಗೆ ನೀನೇ ಕೊಟ್ಟೆಯಲ್ಲ.” “ಎಷ್ಟು ವರ್ಷದಿಂದ ಕೊಡ್ತಿದೀನಿ?” “ನಾನು ಕೆಲಸಕ್ಕೆ ಸೇರಿದಾಗಿಂದ. ಗೋಂದು ಅಂತ ಪುರಸಭೇಲಿ ಯಾರೂ ತಂದೇ ಇಲ್ಲ.” ತನ್ನ ಒಲೆ ಆರಿಸುವ ಕಾಗದಕ್ಕೆ ಅವಳೇ ಬೆಳಿಗ್ಗೆ ಬಿಸಿ ಗಂಜಿ ಬಗ್ಗಿಸಿ ಕೊಟ್ಟಿದ್ದಳು. ಏನು ನೋಟೀಸು ಅಂತ ಕೇಳುವ ಅಭ್ಯಾಸವೂ ಅವಳಿಗಿರಲಿಲ್ಲ.

ಇಮಾಮ್ ಸಾಬರು ಹತ್ತಿ ಎತ್ತಿದರು. ಸಾಸಿವೆಯಷ್ಟು ನೇರಳೆ. “ಇದೆ,” ಅಂದರು, “ಹಸಿ” ಅನ್ನುವ ಮಾತು ಬಿಟ್ಟುಬಿಟ್ಟರು. ಕಿಟಕಿಯಿಂದ ಜಯಕ್ಕ ಏನೋ ಕೂಗಿದಳು, ಗಲಾಟೆಯಲ್ಲಿ ಕೇಳಿಸಲಿಲ್ಲ, ಆದರೆ ಚಿಮಣಿಯಲ್ಲಿ ಹೊಗೆಯೇ ಇರಲಿಲ್ಲ. ಶ್ರೀಕಂಠಯ್ಯನವರು ಕನ್ನಡಕ ಒರೆಸಲು ಪಂಚೆಯ ಚುಂಗು ಹಿಡಿದುಕೊಂಡು, “ನೋಟೀಸು ಬೇರೆ, ಕವರು ಬೇರೆ, ಮಹಾಸ್ವಾಮಿ. ನೋಟೀಸಿನ ಉದ್ದೇಶ ತೋರಿಸುವುದು, ಕವರಿನ ಉದ್ದೇಶ ಮುಚ್ಚುವುದು. ಈ ಎರಡರ ವ್ಯತ್ಯಾಸವನ್ನು ವಿವರಿಸಲು ನಾನು...” ಅನ್ನುತ್ತಿದ್ದರು. ಮಾತು ಸರಿಯಾಗಿಯೇ ಇತ್ತು, ಅದೇ ನನಗೆ ಭಯ. ಮುಚ್ಚಿದ ಕವರು ತೆರೆದಿದ್ದರೆ ಯಾವ ಅಂಟಾದರೇನು. ನಾನು ಅನುಮತಿ ಕೇಳಲಿಲ್ಲ. ಕೇಳುವಷ್ಟು ಶಾಯಿ ಇರಲಿಲ್ಲ. “ಮೇಡಂ, ಪುರಸಭೆಯ ಆವಕ ಪುಸ್ತಕ ತರಿಸಿ. ಕವರು ತಗೊಂಡ ದಿನ ಏನಂತ ಬರೆದಿದಾರೆ ಓದಿಸಿ. ಇನ್ನೇನೂ ಬೇಡ,” ಅಂದೆ.

ಪುಸ್ತಕ ಮುಖ್ಯಾಧಿಕಾರಿಗಳ ಕಂಕುಳಲ್ಲೇ ಇತ್ತು. ಅವರು ಪುಟ ತಿರುವುವುದನ್ನೂ ಬಹಳ ಗೌರವದಿಂದ ಮಾಡತೊಡಗಿದರು. ಮೇಡಂ ಎದ್ದು ಹೋಗಿ ತಾವೇ ಪುಸ್ತಕ ಕಸಿದುಕೊಂಡು ಗಟ್ಟಿಯಾಗಿ ಓದಿದರು: “ಹಾಲಮ್ಮ ಮತ್ತು ಸಂಗಡಿಗರು, ಮುಚ್ಚಿದ ಕವರು ಒಂದು, ಸರಿಯಾಗಿದೆ.” ಮುಖ್ಯಾಧಿಕಾರಿಗಳತ್ತ ತಿರುಗಿ, “ಕೆಳಗೆ ನಿಮ್ಮ ರುಜು ಇದೆ. ಆಮೇಲೆ ಮೂರು ದಿನ ಕವರು ಎಲ್ಲಿತ್ತು?” “ಕಚೇರಿಯ ಬೀರುವಿನಲ್ಲಿ,” ಅಂದರು ಮುಖ್ಯಾಧಿಕಾರಿಗಳು. “ಬೀರುವಿನ ಕೀಲಿಕೈ?” “ನನ್ನ ಹತ್ತಿರ.” “ಇರುವೆ ಇದಾವಾ ಬೀರುವಿನಲ್ಲಿ?” ಆ ಮನುಷ್ಯ ಜಡ್ಜಿಗೆ ಸುಳ್ಳು ಹೇಳುವವರಲ್ಲ. “ಇದಾವೆ,” ಅಂದರು. ಮೇಡಂ ಪುಸ್ತಕವನ್ನು ಅವರ ಕೈಗೇ ಇಟ್ಟು, “ಕೊಡುವಾಗ ಸರಿಯಾಗಿದ್ದ ಕವರು ನಿಮ್ಮ ಬೀಗದೊಳಗೆ ಕೆಟ್ಟರೆ ಅದಕ್ಕೆ ಈ ಹೆಂಗಸು ಯಾಕೆ ಒಲೆ ಬಿಡಬೇಕು?” ಅಂದರು. ಉತ್ತರಕ್ಕೆ ಕಾಯಲಿಲ್ಲ. ಹಗ್ಗ ದಾಟಿದರು. ಹೆಬ್ಬೆರಳನ್ನು ಮೊಹರಿನ ಮೇಲಿಟ್ಟು ಭಾರ ಹಾಕಿ ಎಳೆದರು.

ಮೊದಲ ಎಳೆತಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ನಡುವಿನ ದಪ್ಪ ಅಕ್ಷರದಿಂದ ಒಂದು ತೆಳ್ಳನೆಯ ನೇರಳೆ ಗೆರೆ ಹೊರಟು ಪುಟ್ಟರಂಗಶೆಟ್ಟರ ಹೆಸರಿನ ಮೇಲೆ ಹಾದುಹೋಯಿತು. ಇಮಾಮ್ ಸಾಬರು ಹತ್ತಿಯುಂಡೆಯನ್ನು ಜೇಬಿಗೆ ಹಾಕಿಕೊಂಡರು. ರಸ್ತೆಯಾಚೆಯಿಂದ ಜಯಕ್ಕನ ದನಿ ಬಂತು, ಈ ಸಲ ಎಲ್ಲರಿಗೂ ಕೇಳಿಸಿತು: “ಹತ್ಕೊಂತು ಕಣೆ, ಬೇಗ ಬಾ, ನಾನೊಬ್ಳೇ ಇದೀನಿ.” ಮೇಡಂ ಬೆರಳನ್ನು ಒಮ್ಮೆ ನೋಡಿಕೊಂಡು, ಏಳು ದಿನದೊಳಗೆ ಎಲ್ಲ ಕವರುಗಳನ್ನೂ ಓದಿ ಹೊಸದಾಗಿ ತೀರ್ಮಾನಿಸಬೇಕು, ಅಲ್ಲಿಯವರೆಗೆ ಒಲೆ ಹಳಬರದೇ ಎಂದು ಹೇಳಿ ಬರೆಸಿದರು. ಶ್ರೀಕಂಠಯ್ಯನವರು ನನ್ನ ಪಕ್ಕದಲ್ಲೇ ಹಾದುಹೋಗುತ್ತಾ, “ಏಳು ಸಾಲಲ್ಲಿ ಎಷ್ಟು ಬರೀತೀಯಮ್ಮ ನೀನು,” ಅಂದರು. ಬೈದರೋ ಹೊಗಳಿದರೋ ಅವರಿಗೇ ಗೊತ್ತು. “ನಿಮ್ಮ ಹರಕು ಕಾಗದ ಓದೇ ಕಲ್ತಿದ್ದು ಸಾರ್,” ಅಂದೆ.

ಹಾಲಮ್ಮನ ಜೊತೆ ನಾನೂ ಗಂಜಿಮನೆಗೆ ನಡೆದೆ. ಊಟದ ಹೊತ್ತು ಮೀರುತ್ತಿತ್ತು, ಕೈ ಸಾಲದು ಅಂತ ಗೊತ್ತಿತ್ತು. ಹಂಡೆಯಲ್ಲಿ ನೀರು ಮರಳುತ್ತಿತ್ತು. ಅವಳು ಅಕ್ಕಿ ಸುರಿದಳು, ನಾನು ಈಳಿಗೆಮಣೆ ಎಳೆದುಕೊಂಡು ಸೋರೆಕಾಯಿಗೆ ಕೂತೆ. ಸೋರೆಕಾಯಿ ಮುಗಿಯುವ ಹೊತ್ತಿಗೆ ಅಕ್ಕಿ ಕುದಿಯುತ್ತಿತ್ತು. ಸೌಟಾಡಿಸುತ್ತಾ ಅವಳು ಕೇಳಿದಳು. “ಏಳು ದಿನ ಆದ್ಮೇಲೆ ಓದಿದಾಗ್ಲೂ ಅವರಿಗೇ ಕೊಟ್ರೆ?” “ಕೊಡಲ್ಲ.” “ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀಯಕ್ಕ?” “ಟೆಂಡರು ಫಾರಮ್ಮಲ್ಲಿ ಹನ್ನೆರಡೂವರೆಗೆ ಬಿಸಿ ಊಟ ಅಂತಿದೆ. ಶೆಟ್ಟರ ವ್ಯಾನು ಆ ಊರಿಂದ ಎಷ್ಟು ಓಡಿ ಬಂದ್ರೂ ಮೂರು ಗಂಟೆ ಹಿಡಿಯುತ್ತೆ, ಅಷ್ಟರಲ್ಲಿ ಊಟ ಆರಿ ತಣ್ಣಗಾಗಿರುತ್ತೆ. ಆ ರಸ್ತೇಲಿ ನಾನು ಬಸ್ಸಲ್ಲಿ ಓಡಾಡಿದೀನಿ.” ಹಾಲಮ್ಮ ಸೌಟು ನಿಲ್ಲಿಸಿ ನನ್ನನ್ನೇ ನೋಡಿದಳು. “ಅದನ್ನ ಇವತ್ತೇ ಹೇಳ್ಬಾರ್ದಾಗಿತ್ತಾ?” “ಶಾಯಿ ಸಾಲ್ಲಿಲ್ಲ ಕಣೆ,” ಅಂದೆ.

ಅವಳು ಇನ್ನೇನೋ ಅನ್ನುವವಳಿದ್ದಳು, ಅಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು. ಗಂಡಸರ ವಾರ್ಡಿನ ಮುದುಕರೊಬ್ಬರು, ಆಪರೇಷನ್ ಆಗಿ ನಾಲ್ಕು ದಿನವೂ ಆಗಿರಲಿಲ್ಲ, ಊಟ ಮೇಲೆ ಬರುವವರೆಗೆ ಕಾಯಲಾರದೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಿದ್ದರು. ತಟ್ಟೆಯನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಕೈಯಲ್ಲಿ ಹೊಟ್ಟೆಯ ಬ್ಯಾಂಡೇಜು ಒತ್ತಿಕೊಂಡು, ಹೊಸ್ತಿಲ ಮೇಲೆ ನಿಧಾನಕ್ಕೆ ಕೂತರು. ಹಾಲಮ್ಮ ಹಂಡೆಯಿಂದ ಎರಡು ಅಗುಳು ತೆಗೆದು ಬೆರಳಲ್ಲಿ ಹಿಸುಕಿ ನೋಡಿದಳು, ಬೆಂದಿತ್ತು. ಅವರ ಕಂಕುಳಿಂದ ತಟ್ಟೆಯನ್ನು ತಾನೇ ಬಿಡಿಸಿಕೊಂಡು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ, ಉಪ್ಪು ಹಾಕದೆ ಮುಂದಿಟ್ಟಳು.